ಮಧುಮೇಹ ಸಂಶೋಧನೆಗೆ ಯಾವ ಪ್ರಾಣಿ, ಗಂಡೋ ಹೆಣ್ಣೋ: ಮಾದರಿಗಳ ಹೋಲಿಕೆಯ ಮಾರ್ಗದರ್ಶಿ

ಮಧುಮೇಹದ ಪ್ರಾಣಿ ಪ್ರಯೋಗಕ್ಕೆ ಯೋಜನೆ ಬರೆಯುವಾಗ ತಳಿ, ವಯಸ್ಸು, ಆಹಾರ, ಔಷಧದ ಪ್ರಮಾಣ ಎಲ್ಲದರ ಬಗ್ಗೆಯೂ ಸಾಕಷ್ಟು ಚರ್ಚೆ ನಡೆಯುತ್ತದೆ. ಗಂಡೋ ಹೆಣ್ಣೋ ಎಂಬ ಕಾಲಂ ಮಾತ್ರ ಹಿಂದಿನ ಯಾವುದೋ ಪ್ರಬಂಧವನ್ನು ನೋಡಿ ತುಂಬಿಬಿಡುವುದು ರೂಢಿಯಾಗಿದೆ. ಆದರೆ ಈ ಕ್ಷೇತ್ರದ ಬಹುಪಾಲು ಮಾದರಿಗಳಲ್ಲಿ ಒಂದೇ ತಳಿಯ ಗಂಡು ಮತ್ತು ಹೆಣ್ಣು ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ತೀವ್ರತೆಯಲ್ಲಿ, ಕೆಲವೊಮ್ಮೆ ಬೇರೆ ಕಾರಣದಿಂದಲೇ ಕಾಯಿಲೆ ಬೀಳುತ್ತವೆ. ಹಾಗಾಗಿ ಆಯ್ಕೆ ಮಾಡಬೇಕಾದದ್ದು ತಳಿಯನ್ನಷ್ಟೇ ಅಲ್ಲ, ತಳಿ ಮತ್ತು ಲಿಂಗದ ಜೋಡಿಯನ್ನು. ಔಷಧಶಾಸ್ತ್ರ, ಪಶುವೈದ್ಯಕೀಯ ಮತ್ತು ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ಆ ಆಯ್ಕೆಯಲ್ಲಿ ನೆರವಾಗಲೆಂದು ಈ ಬರಹ.

ಈ ಅರಿವು ಹೊಸದೇನಲ್ಲ. 1940ರ ದಶಕದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಬರ್ನಾರ್ಡೊ ಉಸ್ಸಾಯ್ ಮತ್ತು ವರ್ಜಿಲಿಯೊ ಫೋಗ್ಲಿಯಾ ಅವರ ತಂಡವು ರ್ಯಾಟ್‌ಗಳ (ದೊಡ್ಡ ಜಾತಿಯ ಇಲಿಗಳ) ಮೇದೋಜೀರಕ ಗ್ರಂಥಿಯ ಶೇ. 95 ಭಾಗವನ್ನು ತೆಗೆದು, ಉಳಿದ ಚೂರಿನ ಮೇಲೆ ಬದುಕುವ ಪ್ರಾಣಿಗಳಲ್ಲಿ ಯಾವುವು ಮಧುಮೇಹಕ್ಕೆ ಒಳಗಾಗುತ್ತವೆ ಎಂದು ಗಮನಿಸಿತ್ತು. ಗಂಡುಗಳಲ್ಲಿ ಕಾಯಿಲೆ ಹೆಚ್ಚಾಗಿ ಕಾಣಿಸಿತು, ಹೆಣ್ಣುಗಳಲ್ಲಿ ಕಡಿಮೆ. ಅಂಡಾಶಯ ತೆಗೆದಾಗ ಹೆಣ್ಣಿನ ಈ ರಕ್ಷಣೆ ಕುಗ್ಗಿತು, ಈಸ್ಟ್ರೋಜೆನ್ ಕೊಟ್ಟಾಗ ಕಾಯಿಲೆ ತಗ್ಗಿತು. ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳಿಗೆ ಪೆಟ್ಟು ಬಿದ್ದಾಗ ಹೆಣ್ಣಿನ ಹಾರ್ಮೋನು ಅವುಗಳನ್ನು ಕಾಯುತ್ತದೆ ಎಂಬ ಈ ತಿಳಿವಳಿಕೆ ಇಂದಿಗೂ ಬಹುತೇಕ ಮಾದರಿಗಳ ನಡತೆಯನ್ನು ವಿವರಿಸುತ್ತದೆ. ದೊಡ್ಡ ಅಪವಾದವೊಂದಿದೆ, ಅದರಿಂದಲೇ ಆರಂಭಿಸುವುದು ಒಳ್ಳೆಯದು.

ಟೈಪ್ 1 ಮಧುಮೇಹ: ಎನ್‌ಒಡಿ ಇಲಿಯೋ, ಬಿಬಿ ರ್ಯಾಟೋ

ಜಪಾನಿನ ಶಿಯೊನೊಗಿ ಪ್ರಯೋಗಾಲಯದಲ್ಲಿ ಬೆಳೆಸಿ 1980ರಲ್ಲಿ ವರದಿ ಮಾಡಿದ ಎನ್‌ಒಡಿ ಎಂಬ ಸಣ್ಣ ಇಲಿಯ (ಮೌಸ್; ಮುಂದೆ ಬರಿಯ ಇಲಿ ಎಂದಾಗಲೂ ಇದೇ) ತಳಿಯಲ್ಲಿ ದೇಹದ ಪ್ರತಿರಕ್ಷಣಾ ಜೀವಕೋಶಗಳು ತಮ್ಮದೇ ಬೀಟಾ ಜೀವಕೋಶಗಳ ಮೇಲೆ ಎರಗುತ್ತವೆ. ಇಲ್ಲಿ ಹೆಣ್ಣಿಗೇ ಕಾಯಿಲೆ ಹೆಚ್ಚು. ಸಾಮಾನ್ಯವಾಗಿ 30 ವಾರಗಳ ವಯಸ್ಸಿನ ಹೊತ್ತಿಗೆ ಹೆಣ್ಣುಗಳಲ್ಲಿ ಶೇ. 60ರಿಂದ 80ರಷ್ಟು ಮಧುಮೇಹಕ್ಕೆ ಒಳಗಾದರೆ ಗಂಡುಗಳಲ್ಲಿ ಆ ಪ್ರಮಾಣ ಶೇ. 20ರಿಂದ 30ರ ಆಸುಪಾಸಿನಲ್ಲಿರುತ್ತದೆ. ವೃಷಣ ತೆಗೆದ ಗಂಡುಗಳಲ್ಲಿ ಕಾಯಿಲೆ ಏರುತ್ತದೆ, ಗಂಡು ಹಾರ್ಮೋನು ಪಡೆದ ಹೆಣ್ಣುಗಳಲ್ಲಿ ಇಳಿಯುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನಗಳು ಇದಕ್ಕೆ ಇನ್ನೊಂದು ಮುಖ್ಯ ಕೊಂಡಿಯನ್ನು ಸೇರಿಸಿದವು: ಗಂಡು ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಎಳೆಯ ಹೆಣ್ಣುಗಳಿಗೆ ವರ್ಗಾಯಿಸಿದಾಗ ಅವುಗಳ ಟೆಸ್ಟೋಸ್ಟಿರೋನ್ ಮಟ್ಟ ಏರಿ ಕಾಯಿಲೆಯಿಂದ ರಕ್ಷಣೆ ಸಿಕ್ಕಿತು, ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಎನ್‌ಒಡಿ ಇಲಿಗಳಲ್ಲಿ ಗಂಡು ಹೆಣ್ಣುಗಳ ನಡುವಿನ ಅಂತರ ಬಹುತೇಕ ಅಳಿಸಿಹೋಯಿತು.

ಆದ್ದರಿಂದ ಎನ್‌ಒಡಿಯನ್ನು ಆರಿಸುವವರು ತಮ್ಮ ಪ್ರಾಣಿಗೃಹದ ಸ್ವಚ್ಛತೆಯನ್ನೂ ಮಾದರಿಯ ಭಾಗವೆಂದೇ ಎಣಿಸಬೇಕು. ರೋಗಾಣುಗಳ ಓಡಾಟವಿರುವ ಸಾಧಾರಣ ಪ್ರಾಣಿಗೃಹದಲ್ಲಿ ಈ ತಳಿಯ ಕಾಯಿಲೆಯ ಪ್ರಮಾಣ ಕುಸಿಯುತ್ತದೆ, ಹೆಣ್ಣುಗಳಲ್ಲೂ ಕುಸಿಯುತ್ತದೆ. ರೋಗಾಣುಮುಕ್ತ ಸೌಲಭ್ಯವಿಲ್ಲದ ಕಡೆ ದುಬಾರಿ ಎನ್‌ಒಡಿ ಹೆಣ್ಣುಗಳನ್ನು ತರಿಸಿಕೊಂಡು, 20ನೇ ವಾರದಲ್ಲೂ ರಕ್ತದ ಸಕ್ಕರೆ ಏರಲಿಲ್ಲವೆಂದು ಕಂಗಾಲಾಗುವುದಕ್ಕಿಂತ ಈ ಮಾತನ್ನು ಮೊದಲೇ ತಿಳಿದಿರುವುದು ಲೇಸು.

ಇನ್ನೂ ಗಂಭೀರವಾದ ಎಚ್ಚರಿಕೆಯೊಂದಿದೆ. ಮನುಷ್ಯರ ಟೈಪ್ 1 ಮಧುಮೇಹದಲ್ಲಿ ಹೆಣ್ಣಿನ ಕಡೆಗೆ ಇಂಥ ಒಲವಿಲ್ಲ. ಬೇರೆ ಬಹುಪಾಲು ಸ್ವಯಂ ಪ್ರತಿರಕ್ಷಾ ಕಾಯಿಲೆಗಳು ಮಹಿಳೆಯರಲ್ಲಿ ಹೆಚ್ಚಾಗಿದ್ದರೂ ಟೈಪ್ 1 ಮಧುಮೇಹವು ಯುರೋಪಿಯನ್ ಮೂಲದ ಜನರಲ್ಲಿ ಪ್ರಾಯ ಬಂದ ನಂತರ ಗಂಡಸರಲ್ಲೇ ತುಸು ಹೆಚ್ಚು. ಎನ್‌ಒಡಿ ಹೆಣ್ಣು ಸ್ವಯಂ ಪ್ರತಿರಕ್ಷೆಯ ಕಾರ್ಯವಿಧಾನವನ್ನು ಅರಿಯಲು, ಕಾಯಿಲೆಯನ್ನು ತಡೆಯುವ ಚಿಕಿತ್ಸೆಗಳನ್ನು ಪರೀಕ್ಷಿಸಲು ಅಮೂಲ್ಯವಾದದ್ದು. ಲಿಂಗಭೇದದ ವಿಚಾರದಲ್ಲಿ ಮಾತ್ರ ಅದರ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಹೊಂದಿಸಲಾಗದು. ಆ ದೃಷ್ಟಿಯಿಂದ 1974ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಗುರುತಿಸಿದ ಬಿಬಿ ರ್ಯಾಟ್ ಹತ್ತಿರದ್ದು, ಏಕೆಂದರೆ ಅದರಲ್ಲಿ ಗಂಡು ಹೆಣ್ಣು ಸರಿಸುಮಾರು ಸಮನಾಗಿ ಕಾಯಿಲೆ ಬೀಳುತ್ತವೆ. ಆದರೆ ಬಿಬಿ ರ್ಯಾಟ್‌ಗಳ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತೀರ ಕಡಿಮೆಯಿರುತ್ತವೆ, ಮನುಷ್ಯರ ಕಾಯಿಲೆಯಲ್ಲಿ ಆ ಲಕ್ಷಣವಿಲ್ಲ. ಜೊತೆಗೆ ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬೇಗ ಬರುವುದರಿಂದ ಇನ್ಸುಲಿನ್ ಕೊಡದಿದ್ದರೆ ಅವು ಉಳಿಯುವುದಿಲ್ಲ. ಜರ್ಮನಿಯ ಹ್ಯಾನೋವರ್‌ನಲ್ಲಿ ಕಂಡುಬಂದ ಲ್ಯೂ.1ಎಆರ್1-ಐಡಿಡಿಎಂ ರ್ಯಾಟ್‌ನಲ್ಲಿ ಲಿಂಫೋಸೈಟ್ ಕೊರತೆಯೂ ಇಲ್ಲ, ಲಿಂಗಭೇದವೂ ಇಲ್ಲ. ಲಿಂಗದ ಪ್ರಭಾವವಿಲ್ಲದ ಸ್ವಯಂ ಪ್ರತಿರಕ್ಷಾ ಮಾದರಿಯೇ ಬೇಕೆನ್ನುವವರು ಅದನ್ನು ಪರಿಗಣಿಸಬೇಕು.

ಸ್ಟ್ರೆಪ್ಟೋಜೋಟೋಸಿನ್: ಅಗ್ಗದ ದಾರಿಯ ಅಡಚಣೆಗಳು

ನಮ್ಮ ದೇಶದ ಫಾರ್ಮಸಿ ಕಾಲೇಜುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಸ್ಟ್ರೆಪ್ಟೋಜೋಟೋಸಿನ್ ಚುಚ್ಚುವ ವಿಧಾನ. ಪ್ರಾಣಿ ಸಾಮಾನ್ಯವಾಗಿ ಗಂಡು ವಿಸ್ಟಾರ್ ರ್ಯಾಟ್. ಈ ರಾಸಾಯನಿಕ ಗ್ಲೂಟ್-2 ಎಂಬ ಸಾಗಣೆ ಪ್ರೋಟೀನಿನ ಮೂಲಕ ಬೀಟಾ ಜೀವಕೋಶದೊಳಗೆ ಸೇರಿ ಡಿಎನ್‌ಎಯನ್ನು ಹಾಳುಮಾಡುತ್ತದೆ. ತಣ್ಣನೆಯ ಸಿಟ್ರೇಟ್ ಬಫರಿನಲ್ಲಿ, ಪಿಎಚ್ 4.5ರಲ್ಲಿ ಕರಗಿಸಿ ಕೂಡಲೇ ಚುಚ್ಚಬೇಕು. ತಡವಾದಷ್ಟೂ ಅದರ ಕಸುವು ಇಳಿಯುತ್ತದೆ. ರ್ಯಾಟ್‌ಗಳಿಗೆ ಒಂದೇ ಬಾರಿ ಪ್ರತಿ ಕಿಲೋ ತೂಕಕ್ಕೆ 50ರಿಂದ 65 ಮಿಲಿಗ್ರಾಂ, ಸಣ್ಣ ಇಲಿಗಳಿಗೆ ದಿನಕ್ಕೆ 40ರಿಂದ 50 ಮಿಲಿಗ್ರಾಂನಂತೆ ಐದು ದಿನ ಸತತವಾಗಿ ಕೊಡುವುದು ಪರಿಚಿತ ಕ್ರಮ.

ಸಣ್ಣ ಇಲಿಗಳಲ್ಲಿ ಈ ಕ್ರಮ ಅನುಸರಿಸಿದರೆ ಗಂಡುಗಳ ಸಕ್ಕರೆ ಸಲೀಸಾಗಿ ಏರುತ್ತದೆ, ಹೆಣ್ಣುಗಳಲ್ಲಿ ಹಲವು ಏರದೆ ಉಳಿಯುತ್ತವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಕಾರಣವನ್ನು ತೋರಿಸಿತು: ಈಸ್ಟ್ರೋಜೆನ್ ಉತ್ಪಾದಿಸಲಾಗದ ಅಥವಾ ಈಸ್ಟ್ರೋಜೆನ್ ಗ್ರಾಹಕ ಆಲ್ಫಾ ಇಲ್ಲದ ಇಲಿಗಳಲ್ಲಿ ಬೀಟಾ ಜೀವಕೋಶಗಳು ಸುಲಭವಾಗಿ ಸಾಯುತ್ತವೆ, ಎಸ್ಟ್ರಾಡಯೋಲ್ ಎಂಬ ಈಸ್ಟ್ರೋಜೆನ್ ಕೊಟ್ಟರೆ ಉಳಿಯುತ್ತವೆ. ರ್ಯಾಟ್‌ಗಳಲ್ಲೂ ಇಂಥ ಅಂತರ ಕಾಣುವುದುಂಟು, ಆದರೆ ತಳಿಯಿಂದ ತಳಿಗೆ ಅದು ಬದಲಾಗುತ್ತದೆ.

ಇಲ್ಲಿ ಎಡವುವ ಜಾಗವೊಂದಿದೆ. ಹೆಣ್ಣುಗಳಿಗೂ ಗಂಡಿನಷ್ಟೇ ಸಕ್ಕರೆ ಏರಲೆಂದು ಪ್ರಮಾಣವನ್ನು ಹೆಚ್ಚಿಸಿದರೆ ಎರಡು ಗುಂಪುಗಳು ಪಡೆದ ವಿಷದ ಪ್ರಮಾಣವೇ ಬೇರೆಯಾಗುತ್ತದೆ. ಗ್ಲೂಟ್-2 ಮೂತ್ರಪಿಂಡದ ನಾಳಗಳಲ್ಲೂ ಯಕೃತ್ತಿನಲ್ಲೂ ಇರುವುದರಿಂದ ಸ್ಟ್ರೆಪ್ಟೋಜೋಟೋಸಿನ್ ಆ ಅಂಗಗಳನ್ನೂ ನೇರವಾಗಿ ಘಾಸಿಗೊಳಿಸಬಲ್ಲದು. ಆಮೇಲೆ ಹೆಣ್ಣಿನ ಮೂತ್ರಪಿಂಡದಲ್ಲಿ ಕಂಡ ಹಾನಿ ಮಧುಮೇಹದಿಂದ ಬಂದದ್ದೋ ರಾಸಾಯನಿಕದಿಂದ ಬಂದದ್ದೋ ಹೇಳುವುದು ಕಷ್ಟ. ಹೀಗಾಗಿ ಮೂತ್ರಪಿಂಡದ ತೊಡಕಿನಲ್ಲಿ ಗಂಡು ಹೆಣ್ಣನ್ನು ಹೋಲಿಸುವುದೇ ಉದ್ದೇಶವಾಗಿದ್ದರೆ ಸ್ಟ್ರೆಪ್ಟೋಜೋಟೋಸಿನ್‌ಗೆ ನನ್ನ ಸಮ್ಮತಿಯಿಲ್ಲ. ಒಂದೇ ಲಿಂಗದಲ್ಲಿ ಔಷಧವೊಂದರ ಪರಿಣಾಮ ನೋಡುವುದಾದರೆ ಅದು ಈಗಲೂ ಒಪ್ಪತಕ್ಕ ಮಾದರಿಯೇ.

ರಾಸಾಯನಿಕದ ಗೊಂದಲ ಬೇಡವೆನ್ನುವವರಿಗೆ ಅಕಿಟಾ ಇಲಿ ಇದೆ. ಇದರ ಇನ್ಸುಲಿನ್-2 ವಂಶವಾಹಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದರಿಂದ ಇನ್ಸುಲಿನ್‌ನ ಪೂರ್ವರೂಪವಾದ ಪ್ರೊಇನ್ಸುಲಿನ್ ಸರಿಯಾಗಿ ಮಡಚಿಕೊಳ್ಳದೆ ಬೀಟಾ ಜೀವಕೋಶದೊಳಗೇ ಶೇಖರವಾಗುತ್ತದೆ. ಗಂಡುಗಳಲ್ಲಿ ನಾಲ್ಕು ವಾರದ ಸುಮಾರಿಗೇ ತೀವ್ರ ಮಧುಮೇಹ ಕಾಣಿಸಿಕೊಳ್ಳುತ್ತದೆ. ಹೆಣ್ಣುಗಳಲ್ಲಿ ಸೌಮ್ಯವಾಗಿರುತ್ತದೆ, ಈಸ್ಟ್ರೋಜೆನ್ ಆ ಕೆಟ್ಟ ಪ್ರೊಇನ್ಸುಲಿನ್ ಅನ್ನು ಒಡೆದುಹಾಕಲು ನೆರವಾಗುವುದು ಅದಕ್ಕೆ ಒಂದು ಕಾರಣ. ತೊಡಕುಗಳ ಅಧ್ಯಯನಕ್ಕೆ ಗಂಡು ಅಕಿಟಾ ಅನುಕೂಲಕರ. ಬೀಟಾ ಜೀವಕೋಶದ ಒತ್ತಡವನ್ನು ಹೆಣ್ಣುದೇಹ ಹೇಗೆ ನಿಭಾಯಿಸುತ್ತದೆ ಎಂಬುದನ್ನು ತಿಳಿಯಬೇಕಾದರೆ ಕಾಯಿಲೆ ಅಷ್ಟಾಗಿ ಬೀಳದ ಹೆಣ್ಣು ಅಕಿಟಾವೇ ಸರಿಯಾದ ಪ್ರಾಣಿ.

ಟೈಪ್ 2: ಗಂಡಿನ ಕಡೆಗೆ ವಾಲಿದ ಪಟ್ಟಿ

ಟೈಪ್ 2 ಮಧುಮೇಹದ ಮಾದರಿಗಳಲ್ಲಿ ಗಂಡಿನ ಒಲವು ಎದ್ದುಕಾಣುತ್ತದೆ. ಝಡ್‌ಡಿಎಫ್ ರ್ಯಾಟ್‌ನ ಬೊಜ್ಜಿನ ಗಂಡುಗಳು ನಿಗದಿತ ಸಿದ್ಧ ಆಹಾರದ ಮೇಲೆ 8ರಿಂದ 12 ವಾರಗಳ ವಯಸ್ಸಿನಲ್ಲಿ ಮಧುಮೇಹಕ್ಕೆ ಒಳಗಾಗುತ್ತವೆ. ಅಷ್ಟೇ ದಪ್ಪಗಿರುವ, ಇನ್ಸುಲಿನ್‌ಗೆ ಅಷ್ಟಾಗಿ ಸ್ಪಂದಿಸದ ಹೆಣ್ಣುಗಳು ಹೆಚ್ಚು ಕೊಬ್ಬಿನ ವಿಶೇಷ ಆಹಾರ ಕೊಡುವವರೆಗೂ ಮಧುಮೇಹದಿಂದ ದೂರವೇ ಉಳಿಯುತ್ತವೆ. ಒಎಲ್‌ಇಟಿಎಫ್ ರ್ಯಾಟ್‌ನಲ್ಲಿ ಗಂಡಿಗೆ ಕಾಯಿಲೆ ಬರುತ್ತದೆ, ವೃಷಣ ತೆಗೆದರೆ ತಗ್ಗುತ್ತದೆ, ಟೆಸ್ಟೋಸ್ಟಿರೋನ್ ಕೊಟ್ಟರೆ ಮರಳುತ್ತದೆ. ಎಸ್‌ಡಿಟಿ ರ್ಯಾಟ್‌ನಲ್ಲಿ 40 ವಾರಗಳ ಹೊತ್ತಿಗೆ ಗಂಡುಗಳೆಲ್ಲ ಕಾಯಿಲೆ ಬಿದ್ದಿದ್ದರೆ, ಹೆಣ್ಣುಗಳಲ್ಲಿ 65 ವಾರಗಳಾದರೂ ಮೂರನೇ ಒಂದು ಭಾಗ ಮಾತ್ರ. ಟ್ಯಾಲಿಹೋ ಮತ್ತು ನ್ಯೂಜಿಲೆಂಡ್ ಬೊಜ್ಜಿನ ಇಲಿಗಳದೂ ಇದೇ ಕಥೆ.

ಮನುಷ್ಯರಲ್ಲಿಯೂ ನಡುವಯಸ್ಸಿನ ಗಂಡಸರಿಗೆ ಹೆಂಗಸರಿಗಿಂತ ಕಡಿಮೆ ತೂಕದಲ್ಲೇ ಟೈಪ್ 2 ಬರುತ್ತದೆ. ಹಾಗಾಗಿ ಈ ಮಾದರಿಗಳು ತೋರುವ ದಿಕ್ಕು ಸರಿಯೇ, ಆದರೆ ಪ್ರಮಾಣ ಉತ್ಪ್ರೇಕ್ಷಿತ. ಮಹಿಳೆಯರಿಗೆ ಟೈಪ್ 2 ಬರುವುದೇ ಇಲ್ಲವೇನೋ ಎಂಬಂತೆ ಹೆಣ್ಣು ಪ್ರಾಣಿಗಳನ್ನು ಕೈಬಿಟ್ಟು ದಶಕಗಳ ಸಂಶೋಧನೆ ನಡೆದದ್ದು ಈ ಕ್ಷೇತ್ರದ ನಿಜವಾದ ನಷ್ಟ.

ಹೆಣ್ಣಿನ ಟೈಪ್ 2 ಮಧುಮೇಹವನ್ನೇ ಅಧ್ಯಯನ ಮಾಡಬೇಕಾದವರಿಗೆ ದಾರಿಗಳಿವೆ. ಹಸಿವನ್ನು ತಗ್ಗಿಸುವ ಲೆಪ್ಟಿನ್ ಹಾರ್ಮೋನಿನ ಗ್ರಾಹಕ ಕೆಟ್ಟಿರುವ ಡಿಬಿ/ಡಿಬಿ ಇಲಿಯಲ್ಲಿ, ಮುಖ್ಯವಾಗಿ ಸಿ57ಬಿಎಲ್‌ಕೆಎಸ್ ಎಂಬ ತಳಿಯ ಹಿನ್ನೆಲೆಯಲ್ಲಿ, ಎರಡೂ ಲಿಂಗಗಳಿಗೆ ತೀವ್ರ ಮಧುಮೇಹ ಬರುತ್ತದೆ. ಅದೇ ರೂಪಾಂತರ ಸಿ57ಬಿಎಲ್/6 ಹಿನ್ನೆಲೆಯಲ್ಲಿದ್ದರೆ ಬೊಜ್ಜು ಹೆಚ್ಚು, ಸಕ್ಕರೆ ಕಡಿಮೆ; ತರಿಸುವಾಗ ಹಿನ್ನೆಲೆಯನ್ನು ಖಚಿತಪಡಿಸಿಕೊಳ್ಳಬೇಕು. ಒಂದು ಮಿತಿಯೆಂದರೆ ಈ ಪ್ರಾಣಿಗಳು ಬಂಜೆ, ಹೆಣ್ಣುಗಳ ಬೆದೆಚಕ್ರವೇ ಸರಿಯಿರುವುದಿಲ್ಲ. ಆದ್ದರಿಂದ ಅಂಡಾಶಯದ ಹಾರ್ಮೋನಿನ ಪಾತ್ರವನ್ನು ಅಳೆಯಲು ಡಿಬಿ/ಡಿಬಿ ತಕ್ಕುದಲ್ಲ. ಎಸ್‌ಡಿಟಿ ತಳಿಗೆ ಬೊಜ್ಜಿನ ವಂಶವಾಹಿ ಸೇರಿಸಿ ಪಡೆದ ಎಸ್‌ಡಿಟಿ ಫ್ಯಾಟಿ ರ್ಯಾಟ್‌ನಲ್ಲಿ ಹೆಣ್ಣುಗಳೂ ಎಳೆಯ ವಯಸ್ಸಿನಲ್ಲೇ ಕಾಯಿಲೆ ಬೀಳುತ್ತವೆ. 1975ರಲ್ಲಿ ಜಪಾನಿನ ಸೆಂಡಾಯ್‌ನಲ್ಲಿ ವಿಸ್ಟಾರ್ ರ್ಯಾಟ್‌ಗಳಿಂದ ಆಯ್ದು ಬೆಳೆಸಿದ ಜಿಕೆ ರ್ಯಾಟ್‌ನಲ್ಲಿ ಬೊಜ್ಜಿಲ್ಲದೆಯೇ ಎರಡೂ ಲಿಂಗಗಳಲ್ಲಿ ಸಕ್ಕರೆ ಏರುತ್ತದೆ. ತೆಳ್ಳಗಿದ್ದೂ ಮಧುಮೇಹಕ್ಕೆ ಒಳಗಾಗುವವರು ಬಹಳಿರುವ ನಮ್ಮ ನಾಡಿನಲ್ಲಿ ಈ ತಳಿಗೆ ಇನ್ನೂ ಹೆಚ್ಚಿನ ಗಮನ ಸಿಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯಲ್ಲಿ ದೊರೆತ ಡಬ್ಲ್ಯುಎನ್‌ಐಎನ್/ಜಿಆರ್-ಒಬಿ ಎಂಬ ಬೊಜ್ಜಿನ ರ್ಯಾಟ್ ತಳಿಯೂ ಸಕ್ಕರೆ ಸಹಿಷ್ಣುತೆ (ಸಕ್ಕರೆಯನ್ನು ನಿಭಾಯಿಸುವ ಶಕ್ತಿ) ಕುಂದಿರುವ ಸ್ವದೇಶಿ ಆಯ್ಕೆ.

ಹೆಚ್ಚು ಕೊಬ್ಬಿನ ಆಹಾರ ಕೊಡುವ ವಿಧಾನಕ್ಕೆ ಪ್ರತ್ಯೇಕ ಮಾತು ಬೇಕು, ಏಕೆಂದರೆ ಅದು ಅತಿ ಜನಪ್ರಿಯ. ಒಟ್ಟು ಕ್ಯಾಲೊರಿಯ ಶೇ. 60 ಕೊಬ್ಬಿನಿಂದ ಬರುವ ಆಹಾರ ತಿಂದ ಸಿ57ಬಿಎಲ್/6ಜೆ ಗಂಡುಗಳು ಬೇಗ ದಪ್ಪಗಾಗಿ ಸಕ್ಕರೆ ಸಹಿಷ್ಣುತೆ ಕಳೆದುಕೊಳ್ಳುತ್ತವೆ, ಹೆಣ್ಣುಗಳು ತಡೆದುಕೊಳ್ಳುತ್ತವೆ. ಅಂಡಾಶಯ ತೆಗೆದರೆ ಹೆಣ್ಣುಗಳೂ ಗಂಡಿನ ಹಾದಿ ಹಿಡಿಯುತ್ತವೆ, ಹೀಗಾಗಿ ಮುಟ್ಟು ನಿಂತ ನಂತರದ ಸ್ಥಿತಿಗೆ ಇದು ಸುಲಭದ ಮಾದರಿ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಹಾರ್ಮೋನು ಒಮ್ಮೆಲೇ ನಿಂತುಹೋಗುತ್ತದೆ, ಮಹಿಳೆಯರಲ್ಲಿ ಅದು ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ವಿಸಿಡಿ ಎಂಬ ರಾಸಾಯನಿಕದಿಂದ ಅಂಡಕೋಶಗಳನ್ನು ಕ್ರಮೇಣ ಬರಿದುಮಾಡುವ ವಿಧಾನ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಇದರ ಜೊತೆಗೆ ಕೋಣೆಯ ತಾಪಮಾನವೂ ಲೆಕ್ಕಕ್ಕೆ ಬರುತ್ತದೆ. ಮನುಷ್ಯರಿಗೆ ಹಿತವಾದ 22 ಡಿಗ್ರಿ ಸೆಲ್ಸಿಯಸ್ ಸಣ್ಣ ಇಲಿಗೆ ಚಳಿ. ಮೈ ಬೆಚ್ಚಗಿಡಲು ಅದು ತಿಂದದ್ದನ್ನು ಸುಡುತ್ತಲೇ ಇರುತ್ತದೆ. 2017ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಇಲಿಗಳನ್ನು 30 ಡಿಗ್ರಿಯ ಸುಮಾರಿನಲ್ಲಿ ಸಾಕಿ ಹೆಚ್ಚು ಕೊಬ್ಬು ಕೊಟ್ಟಾಗ ಕೊಬ್ಬಿದ ಯಕೃತ್ತಿನ ಕಾಯಿಲೆ ಹೆಣ್ಣುಗಳಲ್ಲಿಯೂ ಗಂಡಿನಂತೆಯೇ ಬೆಳೆಯಿತು. ಹೆಣ್ಣಿಗೆ ಕಾಯಿಲೆಯೇ ಬರುವುದಿಲ್ಲ ಎಂದು ತಳಿಯ ಮೇಲೆ ತೀರ್ಪು ಕೊಡುವ ಮುನ್ನ ಪಂಜರದ ಸುತ್ತಲಿನ ಗಾಳಿಯನ್ನೂ ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತೊಡಕುಗಳು: ಮೂತ್ರಪಿಂಡ, ಹೃದಯ, ನರ, ಕಣ್ಣು

ಮೂತ್ರಪಿಂಡದ ತೊಡಕಿನಲ್ಲಿ ಅಳತೆಯ ವಿಧಾನವೇ ಲಿಂಗಭೇದವನ್ನು ಸೃಷ್ಟಿಸಿಬಿಡಬಹುದು. ಆರೋಗ್ಯವಂತ ಗಂಡು ಇಲಿಯ ಯಕೃತ್ತು ಟೆಸ್ಟೋಸ್ಟಿರೋನ್ ಪ್ರಭಾವದಲ್ಲಿ ಎಂಯುಪಿ ಎಂಬ ಸಣ್ಣ ಪ್ರೋಟೀನುಗಳನ್ನು ಹೇರಳವಾಗಿ ತಯಾರಿಸಿ ಮೂತ್ರಕ್ಕೆ ಬಿಡುತ್ತದೆ. ಗುರುತುವಾಸನೆಗಾಗಿ ಅದಕ್ಕೆ ಅವು ಬೇಕು. ಇಂಥ ಮೂತ್ರಕ್ಕೆ ಅದ್ದಿದ ಪರೀಕ್ಷಾಪಟ್ಟಿ, ಮೂತ್ರಪಿಂಡ ಸರಿಯಿದ್ದಾಗಲೂ ಪ್ರೋಟೀನ್ ಇದೆಯೆಂದು ಬಣ್ಣ ಬದಲಿಸುತ್ತದೆ. ಜೆಲ್ ಮೇಲೆ ಹರಿಸಿದರೆ ವಿಷಯ ಕಣ್ಣಿಗೇ ಕಾಣುತ್ತದೆ: ಗಂಡಿನ ಮಾದರಿಯಲ್ಲಿ 20 ಕಿಲೋಡಾಲ್ಟನ್‌ಗಿಂತ (ಪ್ರೋಟೀನಿನ ತೂಕದ ಅಳತೆ) ತುಸು ಕೆಳಗೆ ದಪ್ಪನೆಯ ಪಟ್ಟೆ ಎಂಯುಪಿಯದು, 66ರ ಹತ್ತಿರ ಇರುವುದು ಕಾಯಿಲೆ ತಿಳಿಸುವ ಆಲ್ಬುಮಿನ್. ಮಧುಮೇಹದಲ್ಲಿ ಎಂಯುಪಿ ಇಳಿಯುವುದೂ ಉಂಟು, ಆಗ ಆಲ್ಬುಮಿನ್ ಏರುತ್ತಿದ್ದರೂ ಒಟ್ಟು ಪ್ರೋಟೀನಿನ ಅಂಕಿ ಅದನ್ನು ಮುಚ್ಚಿಹಾಕಬಲ್ಲದು. ಒಟ್ಟು ಪ್ರೋಟೀನನ್ನು ಬದಿಗಿಟ್ಟು, ಇಲಿಯ ಆಲ್ಬುಮಿನ್‌ಗೆಂದೇ ಇರುವ ಎಲೈಸಾ ಪರೀಕ್ಷೆ ಬಳಸಬೇಕು.

ಅಳತೆ ಸರಿಯಾದ ಮೇಲೂ ಮೂತ್ರಪಿಂಡದ ಹಾನಿ ಅನೇಕ ಮಾದರಿಗಳಲ್ಲಿ ಗಂಡಿಗೇ ಹೆಚ್ಚು. ಅದರಲ್ಲಿ ಎಷ್ಟು ಪಾಲು ಲಿಂಗದ್ದು, ಎಷ್ಟು ಪಾಲು ಗಂಡಿನಲ್ಲಿ ಸಕ್ಕರೆ ಹೆಚ್ಚಿದ್ದುದರದ್ದು ಎಂಬುದನ್ನು ಬೇರ್ಪಡಿಸದೆ ಬರೆದ ತೀರ್ಮಾನಕ್ಕೆ ಬೆಲೆಯಿಲ್ಲ. ಎರಡು ಗುಂಪುಗಳ ಸಕ್ಕರೆಯನ್ನು ಇನ್ಸುಲಿನ್ ಮೂಲಕ ಸಮೀಪಕ್ಕೆ ತರುವುದು ಒಂದು ಉಪಾಯ. ತಳಿಯ ಹಿನ್ನೆಲೆಯೂ ಮುಖ್ಯ: ಸಿ57ಬಿಎಲ್/6 ಮೂತ್ರಪಿಂಡದ ಹಾನಿಯನ್ನು ಚೆನ್ನಾಗಿ ತಡೆಯುತ್ತದೆ, ಡಿಬಿಎ/2 ಬೇಗ ಸೋಲುತ್ತದೆ. ಮನುಷ್ಯರ ಕಾಯಿಲೆಯ ಮುಂದುವರಿದ ಹಂತವನ್ನು ಹೋಲುವ ಹಾನಿ ಬೇಕೆಂದರೆ ಬಿಟಿಬಿಆರ್ ಒಬಿ/ಒಬಿ ಇಲಿ, ಇಲ್ಲವೇ ರಕ್ತನಾಳದಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಇನಾಸ್ (eNOS) ಕಿಣ್ವವನ್ನು ಕಳೆದುಕೊಂಡ ಡಿಬಿ/ಡಿಬಿ ಇಲಿ ಉತ್ತಮ. ಮಧುಮೇಹವೇ ಹಾರ್ಮೋನುಗಳನ್ನು ಕುಗ್ಗಿಸುತ್ತದೆ ಎಂಬುದನ್ನೂ ನೆನಪಿಡಬೇಕು. ಸ್ಟ್ರೆಪ್ಟೋಜೋಟೋಸಿನ್ ಪಡೆದ ಗಂಡು ರ್ಯಾಟ್‌ಗಳ ಟೆಸ್ಟೋಸ್ಟಿರೋನ್ ಇಳಿಯುತ್ತದೆ, ಹೆಣ್ಣುಗಳ ಬೆದೆಚಕ್ರ ಏರುಪೇರಾಗುತ್ತದೆ. ರಕ್ತದಲ್ಲಿ ಇವನ್ನು ಅಳೆಯದೆ ಹೆಣ್ಣಿಗೆ ಹಾರ್ಮೋನಿನ ರಕ್ಷಣೆಯಿದೆ ಎನ್ನುವುದು ಬರಿಯ ಊಹೆ.

ಹೃದಯದ ವಿಷಯದಲ್ಲಿ ಮನುಷ್ಯರ ಅಂಕಿಗಳು ಹೆಣ್ಣು ಪ್ರಾಣಿಗಳನ್ನು ಬಿಡುವಂತಿಲ್ಲ ಎನ್ನುತ್ತವೆ. 2014ರ ದೊಡ್ಡ ಸಮಗ್ರ ವಿಶ್ಲೇಷಣೆಯ ಪ್ರಕಾರ, ಮಧುಮೇಹದಿಂದ ಹೆಚ್ಚುವ ಹೃದಯ ರಕ್ತನಾಳದ ಕಾಯಿಲೆಯ ಸಾಪೇಕ್ಷ ಅಪಾಯ ಮಹಿಳೆಯರಲ್ಲಿ ಪುರುಷರಿಗಿಂತ ಶೇ. 44ರಷ್ಟು ಅಧಿಕ. ಮಧುಮೇಹವಿಲ್ಲದ ಮಹಿಳೆಗಿದ್ದ ರಕ್ಷಣೆಯನ್ನು ಈ ಕಾಯಿಲೆ ಕಸಿದುಕೊಳ್ಳುತ್ತದೆ. ಗಂಡು ಇಲಿಗಳನ್ನಷ್ಟೇ ಇಟ್ಟುಕೊಂಡು ಈ ಕಸಿತದ ಕಾರಣವನ್ನು ಹುಡುಕುವುದು ಸಾಧ್ಯವೇ ಇಲ್ಲ. ಕೊಬ್ಬು ಮತ್ತು ಸಕ್ಕರೆ ಹೆಚ್ಚಿರುವ ಪಾಶ್ಚಾತ್ಯ ಮಾದರಿಯ ಆಹಾರ ತಿಂದ ಎಳೆಯ ಹೆಣ್ಣು ಇಲಿಗಳಲ್ಲಿ ಹೃದಯ ಸಡಿಲಗೊಳ್ಳುವ ಕ್ರಿಯೆ ಬೇಗನೆ ಕೆಡುವುದು ಕಂಡುಬಂದಿದ್ದು, ಈ ಪ್ರಶ್ನೆಗೆ ಅದು ಸದ್ಯಕ್ಕೆ ಕೈಗೆಟಕುವ ಮಾದರಿ.

ನರಗಳ ನೋವಿನಲ್ಲಿ ಗಂಡು ಹೆಣ್ಣುಗಳ ನೋವಿನ ಮಟ್ಟ ಒಂದೇ ಆಗಿದ್ದು ದಾರಿ ಬೇರೆಯಾಗಿರಬಹುದು. 2015ರಲ್ಲಿ ಪ್ರಕಟವಾದ ಕೆಲಸದ ಪ್ರಕಾರ, ನರಕ್ಕೆ ಗಾಯವಾದ ಗಂಡು ಇಲಿಗಳಲ್ಲಿ ಬೆನ್ನುಹುರಿಯ ಮೈಕ್ರೊಗ್ಲಿಯಾ ಎಂಬ ಪ್ರತಿರಕ್ಷಣಾ ಜೀವಕೋಶಗಳು ನೋವನ್ನು ಉಳಿಸಿದರೆ ಹೆಣ್ಣುಗಳಲ್ಲಿ ಬೇರೊಂದು ಬಗೆಯ ಪ್ರತಿರಕ್ಷಣಾ ಕೋಶಗಳಾದ ಟಿ ಜೀವಕೋಶಗಳತ್ತ ಸಾಕ್ಷ್ಯ ಬೆರಳು ತೋರುತ್ತದೆ. ಅದು ಮಧುಮೇಹದ ಮಾದರಿಯಲ್ಲ. ಆದರೂ ಮಧುಮೇಹದ ನೋವಿಗೆ ಔಷಧ ಹುಡುಕುವವರು ಎರಡೂ ಲಿಂಗಗಳಲ್ಲಿ ಪರೀಕ್ಷಿಸಬೇಕೆನ್ನಲು ಅಷ್ಟು ಸಾಕು. ಕಣ್ಣಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬಹುತೇಕ ಇಲಿ, ರ್ಯಾಟ್‌ಗಳ ಅಕ್ಷಿಪಟಲದಲ್ಲಿ ಹಾನಿಯ ಆರಂಭದ ಹಂತ ಮಾತ್ರ ಸಿಗುತ್ತದೆ, ಮುಂದುವರಿದ ಹಂತಕ್ಕೆ ಗಂಡು ಎಸ್‌ಡಿಟಿ ರ್ಯಾಟ್‌ಗಿಂತ ಒಳ್ಳೆಯದು ಇವುಗಳಲ್ಲಿ ಕಡಿಮೆ.

ನಾಯಿ ಮತ್ತು ಬೆಕ್ಕು

ಪಶುವೈದ್ಯರಿಗೆ ಸಹಜವಾಗಿ ಬರುವ ಮಧುಮೇಹವೇ ಮಾದರಿಯಾಗಬಲ್ಲದು. ಸಂತಾನಹರಣವಾಗದ ಹೆಣ್ಣುನಾಯಿಯಲ್ಲಿ ಬೆದೆಯ ನಂತರದ ದೀರ್ಘ ಪ್ರೊಜೆಸ್ಟಿರೋನ್ ಹಂತದಲ್ಲಿ ಸ್ತನಗ್ರಂಥಿಯೇ ಬೆಳವಣಿಗೆಯ ಹಾರ್ಮೋನನ್ನು ಸ್ರವಿಸಿ ಇನ್ಸುಲಿನ್‌ನ ಕೆಲಸವನ್ನು ಕೆಡಿಸುತ್ತದೆ. ಬೇಗ ಅಂಡಾಶಯ ತೆಗೆದರೆ ಕೆಲವು ನಾಯಿಗಳಲ್ಲಿ ಕಾಯಿಲೆ ಹಿಂದೆ ಸರಿಯುತ್ತದೆ. ಗರ್ಭಿಣಿಯರ ಮಧುಮೇಹದ ಕುರಿತು ಯೋಚಿಸುವವರಿಗೆ ಇದರಷ್ಟು ಸಮೀಪದ ಸಹಜ ಉದಾಹರಣೆ ವಿರಳ. ಬೆಕ್ಕಿನಲ್ಲಿ ಇದಕ್ಕೆ ವಿರುದ್ಧವಾಗಿ ಬೀಜ ತೆಗೆದ ಗಂಡಿಗೆ ಅಪಾಯ ಹೆಚ್ಚು, ಮನುಷ್ಯರ ಟೈಪ್ 2ರಲ್ಲಿ ಕಾಣುವಂಥ ಅಮೈಲಾಯ್ಡ್ (ಅಮೈಲಿನ್ ಎಂಬ ಹಾರ್ಮೋನು ಗಟ್ಟಿಯಾಗಿ ಕೂಡಿದ ಪ್ರೋಟೀನ್) ಅದರ ಮೇದೋಜೀರಕದಲ್ಲೂ ಶೇಖರವಾಗುತ್ತದೆ. ಇಲಿ, ರ್ಯಾಟ್‌ಗಳ ಸ್ವಂತ ಅಮೈಲಿನ್‌ಗೆ ಹಾಗೆ ಗಟ್ಟಿಯಾಗುವ ಗುಣವಿಲ್ಲ.

ಆಯ್ಕೆಯ ನಂತರ

ಹೆಣ್ಣುಗಳ ಬೆದೆಚಕ್ರದಿಂದ ಅಂಕಿಗಳು ಚೆದುರಿಹೋಗುತ್ತವೆ ಎಂಬ ಹಳೆಯ ನೆಪ ಇಂದು ನಿಲ್ಲುವುದಿಲ್ಲ. 2014ರಲ್ಲಿ 293 ಲೇಖನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಕ್ರದ ಹಂತವನ್ನು ಲೆಕ್ಕಿಸದೆ ಅಳೆದ ಹೆಣ್ಣು ಇಲಿಗಳೂ ಗಂಡುಗಳಿಗಿಂತ ಹೆಚ್ಚು ಚೆದುರಿರಲಿಲ್ಲ. ಹಾರ್ಮೋನೇ ಪ್ರಶ್ನೆಯ ಕೇಂದ್ರವಾಗಿದ್ದರೆ ಮಾತ್ರ ದಿನವೂ ಯೋನಿಸ್ರಾವದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಶ್ರಮ ಬೇಕು. ಸಕ್ಕರೆ ಸಹಿಷ್ಣುತೆಯ ಪರೀಕ್ಷೆಯಲ್ಲಿ ಮೈತೂಕಕ್ಕೆ ತಕ್ಕಂತೆ ಗ್ಲೂಕೋಸ್ ಕೊಟ್ಟರೆ ದಪ್ಪನೆಯ ಗಂಡಿಗೆ ಹೆಚ್ಚು ಗ್ಲೂಕೋಸ್ ಹೋಗುತ್ತದೆ, ಅದನ್ನು ಬಳಸುವ ಸ್ನಾಯು ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುವುದಿಲ್ಲ. ಹೀಗೆ ಹುಟ್ಟಿದ ಅಂತರವನ್ನು ಲಿಂಗಭೇದವೆಂದು ಓದುವ ಅಪಾಯವಿದೆ. ಸೋಯಾ ಬೆರೆತ ಆಹಾರದಲ್ಲಿ ಈಸ್ಟ್ರೋಜೆನ್‌ನಂತೆ ವರ್ತಿಸುವ ಸಸ್ಯಾಂಶಗಳಿರುತ್ತವೆ, ಪಂಜರಕ್ಕೆ ಹಾಸುವ ಮೆಕ್ಕೆಜೋಳದ ತೆನೆಯ ದಿಂಡಿನ ಪುಡಿಯಲ್ಲೂ ಬೆದೆಚಕ್ರವನ್ನು ಕೆಡಿಸುವ ಅಂಶಗಳು ಪತ್ತೆಯಾಗಿವೆ. ಇವೆರಡನ್ನೂ ಬರೆದಿಟ್ಟುಕೊಳ್ಳಬೇಕು.

ಕಂಡ ಅಂತರ ಹಾರ್ಮೋನಿನದೋ ವರ್ಣತಂತುವಿನದೋ ಎಂದು ತಿಳಿಯಲು, ವೃಷಣ ರೂಪಿಸುವ ಎಸ್‌ಆರ್‌ವೈ ವಂಶವಾಹಿಯನ್ನು ವೈ ವರ್ಣತಂತುವಿನಿಂದ ಬೇರೆಡೆಗೆ ಸರಿಸಿದ ನಾಲ್ಕು ಮೂಲ ಜೀನೋಟೈಪುಗಳ (ಎಕ್ಸ್‌ಎಕ್ಸ್ ಅಥವಾ ಎಕ್ಸ್‌ವೈ, ಪ್ರತಿಯೊಂದರಲ್ಲೂ ಅಂಡಾಶಯ ಅಥವಾ ವೃಷಣ) ಇಲಿಗಳಿವೆ. ಜನನಗ್ರಂಥಿ ತೆಗೆದ ಮೇಲೂ ಎರಡು ಎಕ್ಸ್ ಇರುವ ಇಲಿಗಳು ಹೆಚ್ಚು ದಪ್ಪಗಾದದ್ದು 2012ರಲ್ಲಿ ಹೊರಬಂತು. ಮೊದಲ ಬಾರಿಗೆ ಈ ಕ್ಷೇತ್ರಕ್ಕೆ ಬರುವವರು ಇಲ್ಲಿಂದ ಆರಂಭಿಸಬೇಕಿಲ್ಲ. ಅಂಡಾಶಯ ಅಥವಾ ವೃಷಣ ತೆಗೆದು, ಹಾರ್ಮೋನು ಮರಳಿ ಕೊಟ್ಟು ನೋಡುವ ಉಸ್ಸಾಯ್ ಕಾಲದ ವಿಧಾನವೇ ಮೊದಲ ಹೆಜ್ಜೆಯಾಗಲಿ.

ಹಣ ಮತ್ತು ಪಂಜರಗಳು ಸೀಮಿತವಾಗಿದ್ದಾಗ ಎಲ್ಲರಿಗೂ ಎರಡೂ ಲಿಂಗಗಳನ್ನು ಬಳಸಲಾಗದು, ಅದು ನಿಜ. ಆದರೆ ಗಂಡುಗಳನ್ನಷ್ಟೇ ಬಳಸುವ ತಳಿಸಂವರ್ಧನೆಯಲ್ಲಿ ಹುಟ್ಟುವ ಹೆಣ್ಣುಮರಿಗಳು ಯಾವ ಪ್ರಶ್ನೆಗೂ ಉತ್ತರವಾಗದೆ ಸಾಯುತ್ತವೆ. ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಮುಂದೆ ಪ್ರಾಣಿಗಳ ಸಂಖ್ಯೆಯನ್ನು ಸಮರ್ಥಿಸುವಾಗ ಅವುಗಳನ್ನೂ ಲೆಕ್ಕಕ್ಕೆ ತರಬೇಕು. ಒಟ್ಟು ಸಂಖ್ಯೆಯನ್ನು ದುಪ್ಪಟ್ಟು ಮಾಡದೆ ಅರ್ಧ ಗಂಡು ಅರ್ಧ ಹೆಣ್ಣು ಇಟ್ಟುಕೊಂಡು, ಲಿಂಗವನ್ನು ಒಂದು ಅಂಶವಾಗಿ ಸೇರಿಸಿ ವಿಶ್ಲೇಷಿಸಿದರೆ ಚಿಕಿತ್ಸೆಯ ಪರಿಣಾಮವನ್ನು ಹಿಡಿಯುವ ಶಕ್ತಿ ಬಹುಪಾಲು ಸಂದರ್ಭಗಳಲ್ಲಿ ಅಷ್ಟೇನೂ ಕುಂದುವುದಿಲ್ಲ. ಗಂಡಿನಲ್ಲಿ ಪರಿಣಾಮ ಮಹತ್ವದ್ದು, ಹೆಣ್ಣಿನಲ್ಲಿ ಅಲ್ಲ ಎಂದ ಮಾತ್ರಕ್ಕೆ ಲಿಂಗಭೇದ ಸಾಬೀತಾಗುವುದಿಲ್ಲ. ಚಿಕಿತ್ಸೆ ಮತ್ತು ಲಿಂಗದ ಪರಸ್ಪರ ಪ್ರಭಾವವನ್ನು ನೇರವಾಗಿ ಪರೀಕ್ಷಿಸಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) 2016ರಿಂದ ಅನುದಾನ ಕೇಳುವವರು ಲಿಂಗವನ್ನು ಜೈವಿಕ ಅಂಶವಾಗಿ ಪರಿಗಣಿಸಬೇಕೆಂದು ವಿಧಿಸಿದೆ. ಅದೇ ವರ್ಷ ಪ್ರಕಟವಾದ, ಸಂಶೋಧನೆಯಲ್ಲಿ ಲಿಂಗದ ಮಾಹಿತಿಯನ್ನು ವರದಿ ಮಾಡುವ ಕುರಿತ ಸೇಜರ್ ಮಾರ್ಗಸೂಚಿಯ ಪ್ರಕಾರ, ಒಂದೇ ಲಿಂಗವನ್ನು ಬಳಸಿದವರು ಆ ಸಂಗತಿಯನ್ನು ಲೇಖನದ ಶೀರ್ಷಿಕೆಯಲ್ಲಿಯೇ ಹೇಳಬೇಕು.